ಬಾಯಿ ತುಂಬ ಕವಳ

೧೦ ಜನವರಿ ೨೦೧೧

ಇವತ್ತಿನಿಂದ ನನಗೆ ಸತ್ತ ಗಂಡಸರ ಮನೆಗೆ ಹೋಗುವ ಕೆಲಸ. ಮಂಗಳೂರಿನ ಒಂದು ವೈದ್ಯಕೀಯ ಕಾಲೇಜಿನವರ ಸಂಶೋಧನೆ. ಕಳೆದ ಹತ್ತು ವರ್ಷಗಳಲ್ಲಿ ಎಣ್ಮಕಜೆ, ಮೀಂಜ ಮತ್ತು ನಮ್ಮ ಸೀತಾಂಗೋಳಿಯ ಆಸುಪಾಸಿನಲ್ಲಿ ಕ್ಯಾನ್ಸರಿನಿಂದ ಎಷ್ಟು ಗಂಡಸರು ಹೋದರು, ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಡಿಮೆ ಯಾಕೆ, ವರ್ಷದಿಂದ ವರ್ಷಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡಬೇಕಂತೆ. ಪಂಚಾಯತಿನ ಮರಣ ದಾಖಲೆ ಸಾಲದೇ ಎಂದು ಕೇಳಿದೆ. ಯೋಜನೆಯ ಮುಖ್ಯಸ್ಥರಾದ ಡಾಕ್ಟರ್ ಹರಿನಾಥ ನಕ್ಕರು. ನಮ್ಮವರು ಚಿಕಿತ್ಸೆಗೆ ರಾಜ್ಯದ ಗಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ, ಅಲ್ಲೇ ಸತ್ತರೆ ಲೆಕ್ಕ ಕರ್ನಾಟಕಕ್ಕೆ. ಏದುಸಿರು ಇರುವಾಗಲೇ ಮನೆಗೆ ತಂದರೆ ಇಲ್ಲಿ ಹೃದಯ ನಿಂತು ಮರಣ ಎಂದು ಬರೆಸುತ್ತಾರಂತೆ. ಹೃದಯ ನಿಲ್ಲದೆ ಸತ್ತವನನ್ನು ನಾನು ಈವರೆಗೆ ಕಂಡಿಲ್ಲ. ಹಾಗಾಗಿ ಮನೆ ಮನೆಗೆ ಹೋಗಿ ಹೆಂಡತಿ ಮಕ್ಕಳನ್ನೇ ಕೇಳಬೇಕು.

ಕುಂಬಳೆಯ ಟ್ಯುಟೋರಿಯಲ್ ಕಾಲೇಜಿನಲ್ಲಿ ಹದಿನಾರು ವರ್ಷ ಲೆಕ್ಕ ಕಲಿಸಿದವನಿಗೆ ಈ ಗತಿ. ಒಬ್ಬಳು ಹುಡುಗಿಗೆ ತಲೆಯಲ್ಲಿ ಮಿದುಳಿಲ್ಲ, ತೆಂಗಿನ ಹಿಂಡಿ ಉಂಟು ಅಂದದ್ದಕ್ಕೆ ಅವಳು ಹೋಗಿ ಬಾವಿಕಟ್ಟೆ ಹತ್ತಿ ನಿಂತಳಂತೆ. ಹಾರಲಿಲ್ಲ. ಹಾರದವಳಿಗಾಗಿ ನನ್ನನ್ನು ತೆಗೆದರು.

ಈ ಪುಸ್ತಕ ಯಾರಿಗೂ ತೋರಿಸುವುದಕ್ಕಲ್ಲ. ದಿನವಿಡೀ ವಿಧವೆಯರ ಎದುರು ಒಳ್ಳೆಯವನ ಹಾಗೆ ಮಾತಾಡಿ ಬಂದ ಮೇಲೆ ಉಗಿಯಲು ಒಂದು ಜಾಗ ಬೇಕಲ್ಲ. ಮನೆಯಲ್ಲಿ ವೆಂಕಟಲಕ್ಷ್ಮಿ ಇದ್ದಾಳೆ, ನಿಜ. ಇವತ್ತು ಸಾರನ್ನು ಬಾಯಿಗಿಟ್ಟು, ಇದನ್ನು ನಿನ್ನ ಅಪ್ಪನ ಮನೆಯಲ್ಲಿ ದನಕ್ಕೆ ಕೊಡುವುದಾ ಅಥವಾ ಅಳಿಯನಿಗಾ ಎಂದು ಕೇಳಿದೆ. ತಟ್ಟೆ ತೆಗೆದುಕೊಂಡು ಹೋಗಿ ಹೊಲಿಗೆ ಮೆಷಿನಿನ ಮುಂದೆ ಕೂತಳು. ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯಿತು, ಮಗುವೂ ಬರಲಿಲ್ಲ, ಎದುರುತ್ತರವೂ ಬರಲಿಲ್ಲ.

೧೯ ಜನವರಿ

ಒಂದು ವಾರ ತಿರುಗಿದ್ದಕ್ಕೆ ಫಲ ಸೊನ್ನೆ. ಎಲ್ಲ ಮನೆಗಳಲ್ಲೂ ಒಂದೇ ಕ್ರಮ. ಮೊದಲು ಕುರ್ಚಿ, ಮತ್ತೆ ನೀರು ಬೆಲ್ಲ, ಅದರ ಹಿಂದೆಯೇ ಎಲೆತಟ್ಟೆ. ವೀಳ್ಯದೆಲೆ, ಅಡಿಕೆ ಹೋಳು, ಸುಣ್ಣ, ಹೊಗೆಸೊಪ್ಪಿನ ತುಂಡು. ಗಂಡ ಬಾಯಿಯ ಕ್ಯಾನ್ಸರಿನಲ್ಲಿ ಕೊಳೆತು ಸತ್ತ ಮನೆಯಲ್ಲೂ ಅದೇ ತಟ್ಟೆ. ನಾನು ಜೀವಮಾನದಲ್ಲಿ ಕವಳ ಹಾಕಿದವನಲ್ಲ. ಬೇಡ ಎಂದು ಕೈಯಲ್ಲಿ ಸರಿಸುತ್ತೇನೆ. ಆಮೇಲೆ ಕೇಳಿದ್ದಕ್ಕೆಲ್ಲ ಗೊತ್ತಿಲ್ಲ, ನೆನಪಿಲ್ಲ, ಎಂತದೋ ಹೊಟ್ಟೆನೋವು ಇರಬೇಕು.

ಇವತ್ತು ಮೀಂಜದಲ್ಲಿ ಬಟ್ಯ ಎಂಬ ಮುದುಕ ಬಾಯಿಬಿಟ್ಟು ಹೇಳಿದ. ಅವನ ತಮ್ಮ ಗಂಟಲಿನ ಕ್ಯಾನ್ಸರಿನಲ್ಲಿ ಹೋದವನು.

"ಕಾಫಿ ಬೇಡ ಅಂದ್ರಿ, ಆಯ್ತು ಭಟ್ರೇ. ನಮ್ಮ ಲೋಟ ನಿಮಗೆ ಆಗುದಿಲ್ಲ. ಬಚ್ಚಿರೆಗೆ ಎಂತ? ಅದು ಬಳ್ಳಿಯಿಂದ ಕಿತ್ತ ಎಲೆ. ಅದಕ್ಕೂ ಜಾತಿ ಉಂಟಾ?"

"ನನಗೆ ಅಭ್ಯಾಸ ಇಲ್ಲ ಮಾರಾಯ."

"ಅಭ್ಯಾಸ ಇಲ್ಲದವರು ಕೈಯಲ್ಲಿ ಮುಟ್ಟಿ ಕಿಸೆಗೆ ಹಾಕ್ತಾರೆ. ನೀವು ದೂಡಿದ್ರಿ. ನನ್ನ ತಮ್ಮ ಹೇಗೆ ಸತ್ತ ಅಂತ ನಿಮಗೆ ನಾನ್ಯಾಕೆ ಹೇಳ್ಬೇಕು?"

ಮುದುಕನ ಸೊಕ್ಕು ನೋಡಿ. ಆದರೆ ಅವನು ಹೇಳಿದ್ದು ಸರಿ. ಊಟ ಕಾಫಿಗೆ ನೂರು ನೆಪ ನಡೆಯುತ್ತದೆ. ಎಲೆ ಅಡಿಕೆಯನ್ನು ಯಾರ ಮನೆಯಲ್ಲೂ ತೆಗೆದುಕೊಳ್ಳಬಹುದು, ನನ್ನ ಅಜ್ಜನೂ ತೆಗೆದುಕೊಳ್ಳುತ್ತಿದ್ದರು. ಅದನ್ನೂ ಬೇಡ ಅಂದರೆ ಮುಖಕ್ಕೆ ಹೊಡೆದ ಹಾಗೆ.

೨೧ ಜನವರಿ

ಬಟ್ಯನ ಮನೆಗೆ ಮತ್ತೆ ಹೋಗಿ ಅವನ ತಟ್ಟೆಯಿಂದಲೇ ಒಂದು ಕವಳ ಹಾಕಿದೆ, ಹೊಗೆಸೊಪ್ಪು ಇಲ್ಲದೆ. ಕಿವಿ ಬಿಸಿಯಾಗಿ ತಲೆ ಸುತ್ತಿತು. ಮುದುಕ ಖುಷಿಯಿಂದ ತಮ್ಮನ ಸಾವನ್ನು ಮೊದಲಿಂದ ಕೊನೆಯ ತನಕ ಹೇಳಿದ. ನಾಲ್ಕು ಪುಟ ತುಂಬಿತು.

೨ ಮಾರ್ಚ್

ಕೆಲಸ ಓಡುತ್ತಿದೆ. ಹೊಗೆಸೊಪ್ಪನ್ನೂ ಒಂದು ಚೂರು ಸೇರಿಸುತ್ತೇನೆ. ಇಲ್ಲದಿದ್ದರೆ ಕವಳ ಸಪ್ಪೆ, ಕೊಟ್ಟವರಿಗೂ ಸಮಾಧಾನವಿಲ್ಲ.

ಸಾವಿಗೆ ಕಾರಣ ಹೇಳುವುದರಲ್ಲೂ ಊರಿಂದ ಊರಿಗೆ ವ್ಯತ್ಯಾಸ. ಎಣ್ಮಕಜೆಯಲ್ಲಿ ಕೇಳಿದರೆ ಗೇರುತೋಟಕ್ಕೆ ಆಕಾಶದಿಂದ ಸುರಿದ ಕೀಟದ ಮದ್ದು. ಅವರ ಕಷ್ಟವನ್ನು ಕಣ್ಣಾರೆ ಕಂಡಿದ್ದೇನೆ, ಅಲ್ಲಿ ನಾನು ಬಾಯಿ ಮುಚ್ಚುತ್ತೇನೆ. ಮೀಂಜದಲ್ಲಿ ನಾಗನ ದೋಷ. ಸೀತಾಂಗೋಳಿಯಲ್ಲಿ ಕಲ್ಲು ಕೋರೆಯ ಧೂಳು. ಎಲ್ಲ ಕಡೆಯೂ ಕಾರಣ ಹೊರಗಿಂದ ಬಂದದ್ದೇ. ತಟ್ಟೆಯಲ್ಲಿ ಇದ್ದದ್ದನ್ನು ಯಾರೂ ಹೇಳುವುದಿಲ್ಲ.

ಇವರ ದಡ್ಡತನ ನೋಡಿದರೆ ಮರುಕಕ್ಕಿಂತ ಸಿಟ್ಟು ಬರುತ್ತದೆ. ನನ್ನ ಪ್ರಶ್ನೆಗಳಲ್ಲಿ ಎಲ್ಲ ಉಂಟು. ಖಾರ ತಿಂದರೆ ಉರಿಯುತ್ತಿತ್ತೇ? ಮೂರು ಬೆರಳು ನೆಟ್ಟಗೆ ನಿಲ್ಲಿಸಿದರೆ ಬಾಯೊಳಗೆ ಹೋಗುತ್ತಿತ್ತೇ? ಕೆನ್ನೆಯ ಒಳಗೆ ಬಿಳಿ ಕಲೆ ಇತ್ತೇ? ಎಲ್ಲದಕ್ಕೂ ಹೌದು ಹೌದು ಎನ್ನುತ್ತಾರೆ. ಮತ್ತೆ ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಅಂದರೆ, ಹಲ್ಲುನೋವು ಅಂತ ಮಾಡಿದ್ದೆವು, ಉಷ್ಣ ಅಂತ ಮಾಡಿದ್ದೆವು. ಬಾಯಿಯಲ್ಲಿ ಹುಣ್ಣು ಹಿಡಿದುಕೊಂಡು ಎಳನೀರು ಕುಡಿಯುತ್ತ ಕೂತ ಈ ಗಂಡಸರು ಸಾಯದೆ ಇನ್ನೇನು.

ವೆಂಕಟಲಕ್ಷ್ಮಿ ಇವತ್ತು ನನ್ನ ತುಟಿ ನೋಡಿ, "ಇದನ್ನೊಂದು ಶುರು ಮಾಡ್ಬೇಡಿ, ದಮ್ಮಯ್ಯ," ಎಂದಳು. ಹೊಗೆಸೊಪ್ಪಿನಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ ಎಂದು ಡಾಕ್ಟರು ಕೊಟ್ಟ ಕರಪತ್ರದ ಕನ್ನಡ ಹಾಳಾಗಿತ್ತು, ನಾನು ತಿದ್ದಿದ್ದನ್ನು ಅವಳ ದುಂಡು ಅಕ್ಷರದಲ್ಲಿ ನಕಲು ಮಾಡಿಸಿದ್ದೆ. ಅದನ್ನು ಓದಿ ಹೆದರಿದ್ದಾಳೆ. ಎಂಟನೇ ಕ್ಲಾಸಿನವಳು ನನಗೆ ಕ್ಯಾನ್ಸರ್ ಪಾಠ ಹೇಳುವುದಾ ಎಂದು ಒಂದು ಗಂಟೆ ಬೈದೆ.

೧೭ ಜೂನ್

ಎಣ್ಮಕಜೆಯಲ್ಲಿ ಪಂಕಜಾಕ್ಷಿ ಎಂಬ ಹೆಂಗಸು. ಗಂಡ ಲೋಕಯ್ಯ ಲಾರಿ ಡ್ರೈವರ್, ನಾಲಗೆಯ ಕ್ಯಾನ್ಸರ್, ಎರಡು ವರ್ಷದ ಹಿಂದೆ ಹೋದ. ಮಗ ಗಲ್ಫಿನಲ್ಲಿ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನನಗೆ ಕವಳ ಕಟ್ಟಿಕೊಟ್ಟ ಕೈಯ ಚಂದವೇ ಚಂದ. ಎಲೆಯ ನರ ತೆಗೆದು, ಸುಣ್ಣ ಸವರಿ, ಮಡಿಚಿ ಕೊಟ್ಟರೆ ಬಾಯಿಗೆ ಸರಿಯಾಗಿ ಕೂರುತ್ತದೆ.

"ನಿಮ್ಮ ಗಂಡನಿಗೂ ನೀವೇ ಕಟ್ಟಿ ಕೊಡ್ತಿದ್ರಾ ಅಕ್ಕ?" ಎಂದು ಕೇಳಿದೆ. ಅದೂ ನಮ್ಮ ಪ್ರಶ್ನೆಯೇ.

"ಮತ್ತೆ ಯಾರು ಸರ್? ಬೆಳಿಗ್ಗೆ ಎದ್ದಲ್ಲಿಂದ ಒಂದರ ಹಿಂದೆ ಒಂದು. ಖಾಲಿಯಾಗ್ಲಿಕ್ಕೆ ಬಿಡ್ತಿರಲಿಲ್ಲ."

"ಅಷ್ಟು ಪ್ರೀತಿಯಾ?"

ಅವಳು ನಕ್ಕಳು. "ಪ್ರೀತಿ ಎಂತದು? ಅವರ ಬಾಯಿ ಖಾಲಿ ಇದ್ರೆ ಬೈಗಳು ಸರ್. ನನ್ನ ಅಪ್ಪನಿಂದ ಹಿಡಿದು ಎಲ್ಲರಿಗೂ. ಬಾಯಿಯಲ್ಲಿ ಬಚ್ಚಿರೆ ಇದ್ರೆ ಬೈಲಿಕ್ಕೆ ಆಗ್ತದಾ? ರಸ ಹೊರಗೆ ಬರ್ತದೆ. ಅಷ್ಟು ಹೊತ್ತು ನಾನು ಕೆಲಸ ಮಾಡಿಕೊಳ್ತಿದ್ದೆ."

ಎಂತೆಂಥ ಹೆಂಗಸರಿದ್ದಾರೆ! ದಾರಿಯಿಡೀ ನಗು ಬಂತು. ಊಟದ ಹೊತ್ತಿಗೆ ವೆಂಕಟಲಕ್ಷ್ಮಿಗೆ ಅವಳ ಹಾಗೆಯೇ ಸೆರಗು ಎಳೆದುಕೊಂಡು ಅಭಿನಯಿಸಿ ತೋರಿಸಿದೆ. ಇವಳಿಗೆ ಹಾಸ್ಯ ಎಂಬುದು ಗೊತ್ತೇ ಇಲ್ಲ. ನಗಲಿಲ್ಲ. "ಹಾಗಾ," ಎಂದಳು. ಮಜ್ಜಿಗೆ ಬಡಿಸುತ್ತ, "ಅವಳ ಮನೆ ಎಲ್ಲಿ ಬರ್ತದೆ?" ಎಂದು ಕೇಳಿದಳು. ನಿನಗ್ಯಾಕೆ ಅದೆಲ್ಲ ಎಂದೆ.

೨೬ ಜೂನ್

ಆಶ್ಚರ್ಯ. ಬೆಳಿಗ್ಗೆ ದೋಸೆ ಕರಕಾಗಿದೆ ಎಂದು ಶುರು ಮಾಡುವಾಗಲೇ ವೆಂಕಟಲಕ್ಷ್ಮಿ ಒಂದು ಕವಳ ಕಟ್ಟಿ ತಂದು ಮುಂದೆ ಇಟ್ಟಳು. ಹೊಗೆಸೊಪ್ಪೂ ಹದವಾಗಿ ಇತ್ತು.

"ಬೇಡ ಅಂದವಳು ನೀನೇ ಅಲ್ಲವಾ?"

"ಹೊರಗೆ ಹೇಗೂ ಹಾಕ್ತೀರಿ. ಮನೆಯದ್ದಾದ್ರೆ ಚೊಕ್ಕ ಇರ್ತದೆ."

ಕೊನೆಗೂ ದಾರಿಗೆ ಬಂದಳು. ಹೆಂಗಸರಿಗೆ ಎರಡು ಸಲ ಗಟ್ಟಿಯಾಗಿ ಹೇಳಿದರೆ ಅರ್ಥವಾಗುತ್ತದೆ.

೧೧ ಫೆಬ್ರವರಿ ೨೦೧೨

ಬಹಳ ದಿನ ಬರೆಯಲಿಲ್ಲ. ಬರೆಯಲು ಅಂಥದ್ದೇನೂ ಇಲ್ಲ, ಮನೆಯಲ್ಲಿ ನೆಮ್ಮದಿ. ಇವಳ ಅಡುಗೆ ಸುಧಾರಿಸಿದೆ, ತಪ್ಪು ಹುಡುಕಿದರೂ ಸಿಗುವುದಿಲ್ಲ. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಕವಳ ತಯಾರು. ಸಂಜೆ ಬಸ್ಸಿಳಿದು ಬಂದರೆ ಜಗಲಿಯಲ್ಲಿ ತಯಾರು. ಪಕ್ಕದ ಮನೆಯ ಪುರುಷೋತ್ತಮ, "ಎಂತ ಮಾರಾಯ್ರೇ, ನಿಮ್ಮ ಮನೆಯಲ್ಲಿ ಈಗ ಜನ ಇದ್ದಾರಾ ಇಲ್ವಾ ಅಂತ ಗೊತ್ತಾಗುದಿಲ್ಲ," ಎಂದ. ಉತ್ತರ ಕೊಡಲು ಎದ್ದು ಹೋಗಿ ಉಗಿದು ಬರಬೇಕಿತ್ತು. ಸೋಮಾರಿತನವಾಯಿತು, ಸುಮ್ಮನೆ ತಲೆಯಾಡಿಸಿದೆ.

೨೩ ನವೆಂಬರ್ ೨೦೧೩

ಮಂಗಳೂರಿನಲ್ಲಿ ಫಲಿತಾಂಶ ಮಂಡನೆ. ಪರದೆಯ ಮೇಲೆ ಮೂರು ಊರಿಗೆ ಮೂರು ಗೆರೆ. ಒಂದು ಮಲಗಿದೆ, ಒಂದು ಏರಿ ಇಳಿಯುತ್ತದೆ, ಒಂದು ಏರುತ್ತಲೇ ಹೋಗಿದೆ. ಆ ಏರುವ ಗೆರೆಯ ಸಾವುಗಳೆಲ್ಲ ನಾನೇ ಹುಡುಕಿ ತಂದವು. ಸಭೆಯಲ್ಲಿ ಅದನ್ನು ನೋಡಿ ಎಲ್ಲರೂ ನೆಟ್ಟಗೆ ಕೂತರು. ನನಗೆ ಮಗ ರ‍್ಯಾಂಕ್ ಬಂದಷ್ಟು ಖುಷಿಯಾಯಿತು.

ಡಾಕ್ಟರ್ ಹರಿನಾಥ ಹೇಳಿದರು, ತೆಂಕಣ ಜಿಲ್ಲೆಗಳ ಗಂಡಸರಿಗೆ ಶ್ವಾಸಕೋಶ, ನಮ್ಮ ಕಡೆಯವರಿಗೆ ಬಾಯಿ ಮತ್ತು ಗಂಟಲು. ರೋಗ ಅಲ್ಲಿಯೂ ಬರುತ್ತದೆ, ಆದರೆ ನಮ್ಮವರು ತಡವಾಗಿ ಬರುವುದರಿಂದ ಬೇಗ ಸಾಯುತ್ತಾರೆ. ಬಾಯಿಯ ಕ್ಯಾನ್ಸರ್ ಕಣ್ಣಿಗೆ ಕಾಣುವ ಕ್ಯಾನ್ಸರ್, ಕನ್ನಡಿ ಇದ್ದ ಮನೆಯಲ್ಲಿ ಅದರಿಂದ ಸಾಯುವುದು ನಾಚಿಕೆ ಎಂದು ನಾನು ಎದ್ದು ನಿಂತು ಹೇಳಿದೆ. ಚಪ್ಪಾಳೆ ಬಿತ್ತು.

ಊಟಕ್ಕೆ ಹೋಗುವಾಗ ಡಾಕ್ಟರು ನನ್ನ ತುಟಿ ನೋಡಿದರು. "ಎಂತ ಗೌರೀಶಂಕರ, ನೀವೂ ಶುರು ಮಾಡಿದ್ರಾ? ಒಮ್ಮೆ ಬಾಯಿ ತೋರಿಸಿ ಹೋಗಿ."

"ಇದು ಫೀಲ್ಡಿನ ಖರ್ಚು ಸರ್," ಎಂದೆ. ಎಲ್ಲರೂ ನಕ್ಕರು. ಬಸ್ಸಿಗೆ ಹೊತ್ತಾಗಿತ್ತು, ತೋರಿಸಲು ಆಗಲಿಲ್ಲ.

೮ ಜುಲೈ ೨೦೧೪

ಇವಳಿಗೆ ಮೆಣಸಿನ ಅಂದಾಜು ತಪ್ಪಿದೆ. ಸಾಂಬಾರು ಬಾಯಿಗಿಟ್ಟರೆ ಬೆಂಕಿ. ನನ್ನ ತಟ್ಟೆಯಿಂದಲೇ ತೆಗೆದು ತಿಂದು, "ಖಾರವೇ ಇಲ್ಲ," ಎನ್ನುತ್ತಾಳೆ. ಮೊಸರನ್ನ ತಿಂದು ಎದ್ದೆ. ಉಷ್ಣಕಾಲ ಮುಗಿದು ಮಳೆ ಬಂದರೂ ಮೈಯ ಉಷ್ಣ ಇಳಿದಿಲ್ಲ.

೩೦ ಜನವರಿ ೨೦೧೫

ಸಂಶೋಧನೆಯ ಎರಡನೇ ಹಂತ ಶುರುವಾಗಿದೆ, ನನ್ನನ್ನೇ ಕರೆದರು. ಹೊಸದಾಗಿ ಸೇರಿದ ಅವಿನಾಶನಿಗೆ ತರಬೇತಿ ಕೊಡುವಾಗ ಮೂರು ಬೆರಳಿನ ಪರೀಕ್ಷೆ ತೋರಿಸಬೇಕಿತ್ತು. ನನ್ನದು ಒಂದೂವರೆಗೆ ನಿಂತಿತು. ದವಡೆಗೆ ಚಳಿಗಾಳಿ ಹಿಡಿದಿದೆ. ನಿನ್ನ ಬಾಯಿಯಲ್ಲೇ ಮಾಡು ಮಾರಾಯ ಎಂದು ಅವನಿಗೆ ಹೇಳಿದೆ. ಮೂರು ಬೆರಳು ಸಲೀಸಾಗಿ ಹೋಯಿತು. ನಾಯಿಮರಿಯ ಹಾಗೆ ದೊಡ್ಡ ಬಾಯಿ ಅವನಿಗೆ.

೨ ಸೆಪ್ಟೆಂಬರ್

ಎಡಗಡೆಯ ದವಡೆ ಹಲ್ಲು ಚೂಪಾಗಿ ನಾಲಗೆಗೆ ತಾಗಿ ಹುಣ್ಣು. ಎಳನೀರು ಕುಡಿಯುತ್ತಿದ್ದೇನೆ.

೨೫ ಸೆಪ್ಟೆಂಬರ್

ಹುಣ್ಣು ಹಾಗೆಯೇ ಉಂಟು. ವೆಂಕಟಲಕ್ಷ್ಮಿ ಬಾಗಿಲಲ್ಲಿ ನಿಂತು, "ಮಂಗಳೂರಿಗೆ ಹೋಗಿ ತೋರಿಸಿ. ಒಂದು ಸಲ ಹೇಳ್ತೇನೆ, ಮತ್ತೆ ಹೇಳುದಿಲ್ಲ," ಎಂದಳು. ಹಲ್ಲಿನ ಹುಣ್ಣಿಗೆ ಮಂಗಳೂರಾ, ಹೊಲಿಗೆಯ ನಾಲ್ಕು ಕಾಸು ಬಂದದ್ದಕ್ಕೆ ಡಾಕ್ಟರತಿ ಆದೆಯಾ, ಒಂದು ಮಗುವನ್ನು ಹೆರಲಾರದವಳು ನನಗೆ ಬುದ್ಧಿ ಹೇಳುವುದಾ ಎಂದೆ. ಬಹಳ ದಿನದ ಮೇಲೆ ಬೈದದ್ದು, ನಾಲಗೆ ತಿರುಗದೆ ಅರ್ಧ ಒಳಗೇ ಉಳಿಯಿತು. ಅವಳು ಮುಗಿಯುವ ತನಕ ನಿಂತು ಕೇಳಿದಳು. ಒಳಗೆ ಹೋಗಿ ಕವಳ ಕಟ್ಟಿ ತಂದಳು. ಬಾಯಿ ದೊಡ್ಡದು ತೆರೆಯುವುದಿಲ್ಲವಲ್ಲ, ಸಣ್ಣದಾಗಿ ಮಡಿಚಿದ್ದಳು. ಹೇಳಿದ ಹಾಗೆಯೇ ಮತ್ತೆ ಆ ಮಾತು ಎತ್ತಲಿಲ್ಲ.

೩ ಡಿಸೆಂಬರ್

ಕಿವಿಯ ತನಕ ನೋವು. ಕುತ್ತಿಗೆಯಲ್ಲಿ ಗಂಟು. ಹಲ್ಲಿನ ನಂಜು ಇಳಿದಿರಬೇಕು.

೧೮ ಜನವರಿ ೨೦೧೬

ಡಾಕ್ಟರ್ ಹರಿನಾಥ ಟಾರ್ಚು ಹಾಕಿ ನೋಡಿದರು. "ಎಷ್ಟು ಸಮಯದಿಂದ ಉಂಟು?" ಎಂದು ಕೇಳಿದರು. ಹಲ್ಲು ತಾಗಿ ಆದದ್ದು ಎಂದೆ. ಅವರು ನನ್ನ ಮುಖ ನೋಡಿದರು. ಕನ್ನಡಿಯ ಮಾತು ಅವರಿಗೆ ನೆನಪಿತ್ತು ಎಂದು ಕಾಣುತ್ತದೆ, ನನಗಂತೂ ಇತ್ತು. ಹೆದರಿಕೆಯಾಗುತ್ತಿದೆ.

೨೬ ಜನವರಿ

ಅದೇ. ನಾಲಗೆ ತೆಗೆಯಬೇಕು, ಎಡ ದವಡೆಯನ್ನೂ. ತೆಗೆದರೂ ಎಷ್ಟು ದಿನ ಎಂದು ಹೇಳಲಾಗದು ಎಂದರು. ಒಪ್ಪಿಗೆಗೆ ಹೆಂಡತಿಯೂ ಸಹಿ ಹಾಕಬೇಕಿತ್ತು. ಡಾಕ್ಟರು ಇನ್ನೂ ವಿವರಿಸುತ್ತಿದ್ದರು, ಇವಳು ಪೆನ್ನು ಕೇಳಿ ದುಂಡು ಅಕ್ಷರದಲ್ಲಿ ಹಾಕಿಯೇ ಬಿಟ್ಟಳು.

ನನಗೆ ಸಾಯಲು ಮನಸ್ಸಿಲ್ಲ.

೨೯ ಫೆಬ್ರವರಿ

ಮನೆಗೆ ಬಂದೆ. ಮೂಗಿನ ನಳಿಗೆಯಲ್ಲಿ ಗಂಜಿನೀರು. ಮಾತಿಲ್ಲ. ಜೊಲ್ಲು ಒರೆಸಲು ಇವಳೇ ಆಗಬೇಕು.

೭ ಮಾರ್ಚ್

ಅವಿನಾಶ ನೋಡಲು ಬಂದ. ನನ್ನ ಜಾಗಕ್ಕೆ ಅವನನ್ನೇ ಮಾಡಿದ್ದಾರಂತೆ. ನಾನಿನ್ನೂ ಬದುಕಿರುವುದರಿಂದ ನಾನು ಅವರ ಲೆಕ್ಕಕ್ಕೆ ಬರುವುದಿಲ್ಲ. ಹುಡುಗ ನನ್ನ ಮುಖ ನೋಡಲಾಗದೆ ಕ್ಯಾಲೆಂಡರು ನೋಡುತ್ತ ಕೂತಿದ್ದ. ಹೋಗುವಾಗ ಇವಳು ಎಲೆತಟ್ಟೆ ಹಿಡಿದಳು. ಅವನು ಹೆದರಿ ಎರಡು ಹೆಜ್ಜೆ ಹಿಂದೆ ಸರಿದ.

೧೯ ಮಾರ್ಚ್

ಮನೆಯಲ್ಲಿ ಹೆಂಗಸರ ಸಂತೆ. ರವಿಕೆ ಹೊಲಿಸಲು ಬಂದವರು ಹೋಗುವುದೇ ಇಲ್ಲ. ಇವಳು ಮಾತಾಡುತ್ತಾಳೆ! ಇಷ್ಟು ಮಾತು ಇವಳಲ್ಲಿ ಎಲ್ಲಿತ್ತು? ಪುರುಷೋತ್ತಮನ ಹೆಂಡತಿಯನ್ನು ಅನುಕರಿಸಿ ತೋರಿಸುವುದು ಕೇಳಿಸಿತು, ಹೆಂಗಸರು ಬಿದ್ದು ಬಿದ್ದು ನಕ್ಕರು. ಚೆನ್ನಾಗಿಯೇ ಮಾಡಿದಳು. ಗೋಡೆಗೆ ಕೈ ಬಡಿದೆ. ಒಂದು ಗಳಿಗೆ ಸುಮ್ಮನಾಗಿ ಮತ್ತೆ ಶುರುವಾಯಿತು.

೨ ಏಪ್ರಿಲ್

ಇವತ್ತು ಹೆಂಗಸರ ನಡುವೆ ಒಂದು ದನಿ ಎಲ್ಲೋ ಕೇಳಿದ ಹಾಗಾಯಿತು. ಗೋಡೆ ಹಿಡಿದುಕೊಂಡು ಬಾಗಿಲ ತನಕ ಹೋಗಿ ಇಣುಕಿದೆ. ಎಣ್ಮಕಜೆಯ ಪಂಕಜಾಕ್ಷಿ. ನನ್ನ ಹೆಂಡತಿಯ ಪಕ್ಕ ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದಳು, ನಮ್ಮ ಮನೆಯ ಸ್ಟೀಲು ಲೋಟದಲ್ಲಿ. ನನ್ನನ್ನು ಕಂಡು ಎದ್ದು ನಿಂತಳು. "ಸರ್, ಹೇಗಿದ್ದೀರಿ?" ಎಂದು ಮರ್ಯಾದೆಯಿಂದ ಕೇಳಿದಳು. ಮತ್ತೆ ಇವಳ ಕಡೆ ತಿರುಗಿ, "ನಮ್ಮವರಿಗೂ ಕೊನೆಗೆ ಹೀಗೇ ನಳಿಗೆ ಹಾಕಿದ್ದು ಅಕ್ಕ," ಎಂದಳು. ಐದು ವರ್ಷದಿಂದ ರವಿಕೆಗೆ ಇಲ್ಲಿಗೇ ಬರುತ್ತಾಳಂತೆ. ನಾನು ಫೀಲ್ಡಿನಲ್ಲಿರುವಾಗ.

ಮಂಚಕ್ಕೆ ಬಂದು ಕೂತೆ. ಅವಳು ಹೋದ ಮೇಲೆ ಗೋಡೆ ಬಡಿದು ವೆಂಕಟಲಕ್ಷ್ಮಿಯನ್ನು ಕರೆದೆ. ಮಾತಾಡಲು ನನಗೆ ಒಂದು ಶಾಲೆಯ ಸ್ಲೇಟು ತಂದುಕೊಟ್ಟಿದ್ದಾಳೆ. ಅದರ ಮೇಲೆ ಬರೆದೆ: ಗೊತ್ತಿದ್ದೂ ಕೊಟ್ಟೆಯಾ?

ಅವಳು ಸ್ಲೇಟನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು ಓದಿದಳು. ಅಳಬಹುದು, ಕಾಲಿಗೆ ಬೀಳಬಹುದು, ಇಲ್ಲ ಎಂದು ಆಣೆ ಹಾಕಬಹುದು ಎಂದು ಕಾದೆ. ಇಲ್ಲ ಎಂದಿದ್ದರೆ ನಾನು ನಂಬುತ್ತಿದ್ದೆ.

"ನಾನು ಕೈಯಾರೆ ಮಾಡಿ ಕೊಟ್ಟದ್ದರಲ್ಲಿ ನೀವು ಬೈಯದೆ ತಿಂದದ್ದು ಅದೊಂದೇ," ಎಂದಳು.

ಸಿಟ್ಟಿನಿಂದಲ್ಲ, ರವಿಕೆಯ ಅಳತೆ ಹೇಳುವ ಹಾಗೆ ಹೇಳಿದಳು. ಸೆರಗಿನಿಂದ ಸ್ಲೇಟನ್ನು ಒರೆಸಿ ನನ್ನ ತೊಡೆಯ ಮೇಲಿಟ್ಟು, "ಮತ್ತೆ ಎಂತಾದ್ರೂ ಬರೀಲಿಕ್ಕುಂಟಾ?" ಎಂದು ಕೇಳಿದಳು.

ನನ್ನ ಹತ್ತಿರ ಎಷ್ಟೆಷ್ಟು ಮಾತಿತ್ತು. ಅವಳು ನಿಂತು ಕಾಯುತ್ತಿದ್ದಳು. ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ನಳಿಗೆಗೆ ಹೊಯ್ಯಲು ಅವಳಲ್ಲದೆ ಬೇರೆ ಯಾರೂ ಇಲ್ಲ.

ಗಂಜಿ ಎಂದು ಬರೆದೆ.